ಅಜ್ಜಿ ಹೆಸರಿನ ಪಹಣಿ

ಅಜ್ಜಿ ತೀರಿಕೊಂಡ ಮೂರನೇ ದಿನಕ್ಕೇ ಮನೇಲಿ ಜಗಳ ಶುರುವಾಯ್ತು. ವಿಷಯ ಇಷ್ಟೇ: ಅಜ್ಜಿಗೆ ವಯಸ್ಸೆಷ್ಟು? ಹನ್ನೊಂದನೇ ದಿನದ ತಿಥಿಗೆ ಫ್ಲೆಕ್ಸ್ ಹಾಕಿಸಬೇಕಿತ್ತು. ‘ನೂರು ಅಂತ್ಲೇ ಹಾಕ್ಸಣ ಬುಡು, ಯಾರ್ ಕೇಳ್ತರೆ’ ಅಂದ ಅತ್ತೆ ಮಗ. ‘ತಿಥಿ’ ಸಿನಿಮಾದ ಸೆಂಚುರಿ ಗೌಡ ನಮ್ಮ ಮಂಡ್ಯದ ಕಡೆ ಇನ್ನೂ ಬದುಕಿದ್ದಾನೆ. ಅಪ್ಪ ಆಧಾರ್ ಕಾರ್ಡ್ ತೆಗೆದು ತೋರಿಸಿದರು: 01-01-1928.

ಆ ತಾರೀಕು ನೋಡಿ ನನಗೆ ನಗು ಬಂತು. ನಮ್ಮೂರಿನ ಮುದುಕರೆಲ್ಲ ಜನವರಿ ಒಂದಕ್ಕೆ ಹುಟ್ಟಿದವರು, ಅವರ ಮಕ್ಕಳೆಲ್ಲ ಮೇಷ್ಟ್ರು ಬರೆದ ಹಾಗೆ ಜೂನ್ ಒಂದಕ್ಕೆ ಹುಟ್ಟಿದವರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೀಫಾಲ್ಟ್ ವ್ಯಾಲ್ಯೂ. ಏನೂ ಗೊತ್ತಿಲ್ಲದಾಗ ಸಿಸ್ಟಮ್ ತುಂಬಿಕೊಳ್ಳೋ ಉತ್ತರ.

ಆದರೆ ಅಜ್ಜಿಗೆ ಎಲ್ಲ ಗೊತ್ತಿತ್ತು. ನಮಗೆ ಅರ್ಥವಾಗೋ ರೂಪದಲ್ಲಿ ಇರಲಿಲ್ಲ ಅಷ್ಟೆ. ಇಸವಿ ಕೇಳಿದರೆ ಬಾಯಿ ಬಿಡದ ಅಜ್ಜಿ, ‘ಆವಾಗ ಏನಾಗಿತ್ತು?’ ಅಂದ್ರೆ ಅರ್ಧ ಗಂಟೆ ಹೇಳೋರು.

ಅವರ ತವರು ಮದ್ದೂರಿನ ಪಕ್ಕ. ‘ಶಿವಪುರದಲ್ಲಿ ಬಾವುಟ ಏರ್ಸುದ್ರಲ್ಲ, ನಮ್ಮಪ್ಪ ನನ್ನ ಹೆಗಲ ಮ್ಯಾಲೆ ಕೂರಿಸ್ಕಂಡು ಹೋಗಿತ್ತು’ ಅನ್ನೋರು. ಅದು 1938ರ ಏಪ್ರಿಲ್. ಸರ್ಕಾರದ ನಿಷೇಧ ಮೀರಿ ಮೈಸೂರು ಕಾಂಗ್ರೆಸ್ ಧ್ವಜ ಹಾರಿಸಿದ್ದು, ಟಿ. ಸಿದ್ದಲಿಂಗಯ್ಯನವರನ್ನ ಬಂಧಿಸಿದ್ದು ಅಲ್ಲೇ. ಹೆಗಲ ಮೇಲೆ ಕೂತು ನೋಡಿದ್ದು ನೆನಪಿರಬೇಕಾದ್ರೆ ನಾಲ್ಕೈದು ವರ್ಷ ಆಗಿರಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡದ್ದು 1940ರ ಆಗಸ್ಟ್ 3. ‘ಆವತ್ತು ನಮ್ಮಟ್ಟೀಲಿ ಒಲೆ ಹಚ್ಚಲಿಲ್ಲ. ನಾನು ಹಸಿವು ಅಂತ ಅತ್ತು ಏಟು ತಿಂದೆ.’ ಆರೇಳು ವರ್ಷದ ಮಗು. ಎರಡೂ ಲೆಕ್ಕ ತಾಳೆಯಾಗುತ್ತೆ. ಅಂದ್ರೆ ಅಜ್ಜಿ ಹುಟ್ಟಿದ್ದು 1933ರ ಆಸುಪಾಸು. ಮಂಡ್ಯದ ಸಕ್ಕರೆ ಕಂಪನಿಯ ಓರಗೆ!

ಸ್ವಾತಂತ್ರ್ಯ ಬಂದು ಎರಡು ವರ್ಷಕ್ಕೆ ಮದುವೆ. ಅಲ್ಲಿಂದ ಅಜ್ಜಿಯ ಹೆಸರು ಕಾಣೆಯಾಯ್ತು. ಊರಿಗೆ ಅವರು ಇಂಥವರ ಸೊಸೆ, ಇಂಥವರ ಹೆಂಡತಿ, ಆಮೇಲೆ ಇಂಥವರ ಅವ್ವ. ಇದು ನಮ್ಮಜ್ಜಿ ಒಬ್ಬರ ಕತೆಯಲ್ಲ. ದೇಶದ ಮೊದಲ ಚುನಾವಣೆ ನಡೆದ 1951–52ರಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಯ್ತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಮನೆಗೆ ಬಂದವರಿಗೆ ಅವರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಅಂತಷ್ಟೇ ಬರೆಸಿದ್ದರು.

ನಮ್ಮಜ್ಜಿಗೆ ಮೊದಲ ಓಟು ಸಿಕ್ಕಿದ್ದು 1957ರಲ್ಲಿ. ಆಗ ಓಟಿನ ವಯಸ್ಸು 21. ಬೂತಿನಲ್ಲಿ ಗಂಡನ ಹೆಸರು ಕೇಳಿದರಂತೆ. ಗಂಡನ ಹೆಸರು ಬಾಯಲ್ಲಿ ಹೇಳೋ ಹಾಗಿಲ್ಲ! ಅಜ್ಜಿ ಸೆರಗು ಕಚ್ಚಿಕೊಂಡು ನಿಂತಿದ್ದಾರೆ, ಹಿಂದಿದ್ದ ಪಕ್ಕದ ಮನೆ ಹೆಂಗಸು ಕೂಗಿ ಹೇಳಿದ್ದಾಳೆ. ಇದನ್ನ ಹೇಳುವಾಗೆಲ್ಲ ಅಜ್ಜಿ ನಗೋರು.

ನಗದೆ ಹೇಳುತ್ತಿದ್ದ ಕತೆ ಒಂದೇ. ‘ಮೈಸೂರು ರಾಜ್ಯ ಹೋಗಿ ಕರ್ನಾಟಕ ಆಯ್ತಲ್ಲ, ಆ ವರ್ಸ’ ತಾತ ತೀರಿಕೊಂಡರು. ಅಂದ್ರೆ 1973. ಅಜ್ಜಿಗೆ ನಲವತ್ತು, ಅಪ್ಪನಿಗೆ ಹನ್ನೆರಡು, ಅಪ್ಪನಿಗಿಂತ ದೊಡ್ಡವರು ಇಬ್ಬರು ಅತ್ತೆಯರು. ನಾಲೆ ಬಯಲಿನಲ್ಲಿ ಒಂದೂವರೆ ಎಕರೆ ಗದ್ದೆ. ‘ಹೆಂಗಸಿಗ್ಯಾಕೆ ಖಾತೆ, ಹುಡುಗ ದೊಡ್ಡವನಾಗೋಗಂಟ ನನ್ನ ಹೆಸ್ರಲ್ಲಿರ್ಲಿ’ ಅಂದರಂತೆ ಮೈದುನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಧವೆಗೂ ಮಕ್ಕಳಷ್ಟೇ ಪಾಲು ಇತ್ತು, ಸಿಕ್ಕ ಪಾಲಿಗೆ ಅವಳೇ ಪೂರ್ತಿ ಒಡತಿ. ಆ ಕಾನೂನು ಬಂದು ಹದಿನೇಳು ವರ್ಷವಾಗಿದ್ದರೂ ನಮ್ಮ ಹಟ್ಟಿ ಬಾಗಿಲಿಗೆ ಅದರ ಸುದ್ದಿ ಬಂದಿರಲಿಲ್ಲ.

ಅಜ್ಜಿಗೆ ಕಾನೂನು ಗೊತ್ತಿರಲಿಲ್ಲ, ಮೈದುನ ಗೊತ್ತಿತ್ತು. ಮಗನ ಕೈ ಹಿಡಿದು ತಾಲ್ಲೂಕು ಕಚೇರಿಗೆ ನಡೆದರು. ಅಲ್ಲೂ ಅದೇ ಪ್ರಶ್ನೆ: ‘ಗಂಡನ ಹೆಸರೇನಮ್ಮ?’ ಅಪ್ಪನಿಗೆ ಇವತ್ತಿಗೂ ನೆನಪಿದೆಯಂತೆ, ಅವ್ವ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಗಟ್ಟಿಯಾಗಿ ತಾತನ ಹೆಸರು ಹೇಳಿತು. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿ ಮೊದಲ ಸಲ. ದಾರಿಯಲ್ಲಿ ವಾಪಸ್ ಬರುವಾಗ ಪೂರ್ತಿ ಅತ್ತಿತು.

ನಮ್ಮ ದಾಖಲೆಗಳಲ್ಲಿ ಗಂಡಸಿಗೆ ‘ಬಿನ್’, ಹೆಂಗಸಿಗೆ ‘ಕೋಂ’. ಇಂಥವನು ಇಂಥವನ ಮಗ, ಇಂಥವಳು ಇಂಥವನ ಹೆಂಡತಿ. ಪೌತಿ ಖಾತೆಯಾಗಿ ಆ ಗದ್ದೆಯ ಪಹಣಿಯಲ್ಲಿ ಅಜ್ಜಿಯ ಹೆಸರು ಕೂತಿತು. ಮುಂದೆ ‘ಕೋಂ’ ಇತ್ತು ನಿಜ. ಆದರೆ ‘ಕೋಂ’ಗೂ ಮೊದಲು ಅವರ ಸ್ವಂತ ಹೆಸರಿತ್ತು.

ನಾನು ಬಿಇ ಓದುವಾಗ ಭೂಮಿ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. 15 ರೂಪಾಯಿ ಕೊಟ್ಟು ನಮ್ಮ ಗದ್ದೆಯದ್ದನ್ನ ಪ್ರಿಂಟ್ ತೆಗೆಸಿ ತಂದೆ. ಡೇಟಾಬೇಸ್ ಬಗ್ಗೆ ಅಜ್ಜಿಗೆ ಉತ್ಸಾಹದಿಂದ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, ‘ನನ್ನೆಸ್ರು ಎಲ್ಲೈತೆ, ಬೆರಳಿಟ್ಟು ತೋರ್ಸ್ಲಾ ಮಗ’ ಅಂದರು. ತೋರಿಸಿದೆ. ಓದಲು ಬಾರದ ಅಜ್ಜಿ ಆ ಸಾಲಿನ ಮೇಲೆ ಹೆಬ್ಬೆಟ್ಟು ಆಡಿಸಿದರು. ಆಮೇಲೆ ಅದನ್ನ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಈಗ ಮತ್ತೆ ಪೌತಿ ಖಾತೆ. ವಂಶವೃಕ್ಷ ಮಾಡಿಸಬೇಕು. ‘ಅತ್ತೆಯರ ಕೈಲಿ ಹಕ್ಕು ಬಿಡುಗಡೆ ಪತ್ರ ಬರೆಸ್ಕಳಿ, ಎಲ್ಲಾರೂ ಹಂಗೇ ಮಾಡೋದು’ ಅಂತ ಬಂದವರೆಲ್ಲ ಹೇಳಿದರು. ದೊಡ್ಡತ್ತೆಯೂ ‘ನಂಗ್ಯಾಕಪ್ಪ, ನಿನ್ನ ಹೆಸ್ರಿಗೇ ಆಗ್ಲಿ’ ಅಂದರು. ಹೇಳುವಾಗ ನೆಲ ನೋಡುತ್ತಿದ್ದರು. ಅಪ್ಪನಿಗೂ ಆಸೆ ಇರಲಿಲ್ಲ ಅಂತ ನಾನು ಸುಳ್ಳು ಹೇಳೋದಿಲ್ಲ. ಎರಡು ದಿನ ಅವರು ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ, ‘ಅವ್ವ ಆವತ್ತು ದಾರೀಲಿ ಅತ್ತಿದ್ದು ನೋಡಿದ್ದೋನು ನಾನೊಬ್ನೇ’ ಅಂದರು. ಅರ್ಜಿಯಲ್ಲಿ ಮೂರು ಹೆಸರು ಹೋಯ್ತು.

ಫ್ಲೆಕ್ಸ್‌ನಲ್ಲಿ 90 ಅಂತ ಹಾಕಿಸಿದ್ವಿ. ಮರಣ ಪತ್ರದಲ್ಲಿ ಆಧಾರ್ ಲೆಕ್ಕದ 95 ಇದೆ. ಇರಲಿ. ನಿಮ್ಮಜ್ಜಿ ಇನ್ನೂ ಇದ್ದರೆ ಈ ಸಲ ಊರಿಗೆ ಹೋದಾಗ ಇಸವಿ ಕೇಳಬೇಡಿ. ಆವಾಗ ಯಾವ ದೊರೆ ಸತ್ತಿದ್ದ, ಯಾವ ನಾಲೆಗೆ ನೀರು ಬಂದಿತ್ತು, ಯಾವತ್ತು ಒಲೆ ಹಚ್ಚಲಿಲ್ಲ ಅಂತ ಕೇಳಿ. ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಾನು ಮಾಡಿಕೊಳ್ಳಲಿಲ್ಲ.