ಏರುವ ಬಳ್ಳಿ, ಇಳಿಯುವ ಬಳ್ಳಿ

ನಮ್ಮ ಕಾವ್ಯಗಳಲ್ಲಿ ಬಳ್ಳಿ ಯಾವಾಗಲೂ ಏರುತ್ತದೆ. ಮಾಧವಿ ಮಾವನ್ನು ತಬ್ಬುತ್ತದೆ, ಎಲೆಬಳ್ಳಿ ಅಡಕೆಯನ್ನು ಹತ್ತುತ್ತದೆ, ಜಾಜಿ ಚಪ್ಪರವನ್ನು ತುಂಬುತ್ತದೆ. ಕಾಳಿದಾಸನ ಶಕುಂತಲೆ ಆಶ್ರಮವನ್ನು ಬಿಟ್ಟು ಹೊರಡುವಾಗ ಅಪ್ಪಿಕೊಂಡು ಬೀಳ್ಕೊಂಡ ವನಜ್ಯೋತ್ಸ್ನೆ ಮಾವಿನ ಮರವನ್ನು ವರಿಸಿದ ಬಳ್ಳಿ. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಚುರಮುರಿ ಶೇಷಗಿರಿರಾಯರೂ ಬಸವಪ್ಪಶಾಸ್ತ್ರಿಗಳೂ ಆ ನಾಟಕವನ್ನು ಕನ್ನಡಕ್ಕೆ ತಂದಮೇಲೆ ಆ ಬಳ್ಳಿ ನಮ್ಮ ಮನೆಯದೇ ಆಯಿತು. ಪಂಪನು ಬನವಾಸಿಯನ್ನು ನೆನೆಯುವಲ್ಲಿಯೂ ಮಾವು, ಎಲೆಬಳ್ಳಿ, ಜಾಜಿ, ಸಂಪಿಗೆ ಜೊತೆಜೊತೆಗೇ ಬರುತ್ತವೆ. ಆಸರೆಯಿಲ್ಲದ ಬಳ್ಳಿಯೆಂದರೆ ಕವಿಗೆ ದುಃಖದ ಚಿತ್ರ.

ಆದರೆ ಬೈಲಹೊಂಗಲದ ಓಣಿಗಳಲ್ಲಾಗಲಿ, ರಾಮದುರ್ಗದ ಹೊಸ ಬಡಾವಣೆಗಳಲ್ಲಾಗಲಿ ಒಮ್ಮೆ ತಲೆಯೆತ್ತಿ ನಡೆದರೆ ಬೇರೊಂದು ಬಳ್ಳಿ ಕಾಣುತ್ತದೆ. ಬಾಗಿಲ ಮುಂದೆ ಸರಪಳಿಗೆ ಕಟ್ಟಿದ ಕುಂಡದಿಂದ ಅದು ಕೆಳಕ್ಕೆ ಇಳಿದಿದೆ. ಯಾವ ಮರದ ಹಂಗೂ ಇಲ್ಲದೆ ಗಾಳಿಯಲ್ಲಿ ತೂಗುತ್ತ ಹೂ ಬಿಟ್ಟಿದೆ. ಇದು ಇಂಗ್ಲಿಷರ ಬಂಗಲೆಗಳಿಂದ ಬಂದ ಶೋಕಿ ಎಂದು ತಿಳಿದವರೂ ಹೇಳುವುದುಂಟು. ಆ ಮಾತು ಅರ್ಧ ನಿಜ. ಉಳಿದರ್ಧವನ್ನು ನಾವು ನೀರಿನ ಚರಿತ್ರೆಯಲ್ಲಿ ಹುಡುಕಬೇಕು.

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತೆ ಹರಿಯುತ್ತದೆ. ಆದರೆ ಮಳೆ ಹಾಗೆ ಸಮನಾಗಿ ಹಂಚಿಲ್ಲ. ಕಿತ್ತೂರಿಗೆ ಮಲೆನಾಡಿನ ಸೆರಗು ತಾಕುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತದೆ, ಎರೆಭೂಮಿ ಬಾಯಿಬಿಡುತ್ತದೆ. ಇಂಥಲ್ಲಿ ನೆಲದಲ್ಲಿ ಬೇರೂರಿದ ಹೂಬಳ್ಳಿಯನ್ನು ಚೈತ್ರ ವೈಶಾಖಗಳನ್ನು ದಾಟಿಸಬೇಕಾದರೆ ಬಾವಿ ಬೇಕು, ಕಪಿಲೆ ಬೇಕು, ನೀರು ಹೊಯ್ಯುವ ಆಳು ಬೇಕು. ಆದುದರಿಂದ ಹೂದೋಟವೆಂಬುದು ಮೊದಲಿಗೆ ದೇವರದು, ಆಮೇಲೆ ಅರಸರದು. ಕನ್ನಡ ನಾಡಿನ ಶಾಸನಗಳಲ್ಲಿ ಗುಡಿಗೆ ಗದ್ದೆ, ಗಾಣ, ಮನೆ ಬಿಡುವಾಗ ಹೂದೋಟವನ್ನೂ ಬಿಟ್ಟ ಉಲ್ಲೇಖಗಳು ಮತ್ತೆ ಮತ್ತೆ ಸಿಗುತ್ತವೆ. ರಟ್ಟರು ಸವದತ್ತಿಯಿಂದ ಆಳುತ್ತಿದ್ದ, ಹೂಲಿಯಲ್ಲಿ ಸಾಸಿರ್ವರು ಮಹಾಜನರಿದ್ದ ಕಾಲವದು. ಮುಂದೆ ದೇಸಾಯರ ವಾಡೆಗಳು ಬಂದವು, ರಾಮದುರ್ಗದಲ್ಲಿ 1948ರವರೆಗೆ ಭಾವೆ ಮನೆತನದ ಸಂಸ್ಥಾನವಿತ್ತು. ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಇಂದಿಗೂ ಸ್ನಾನಗೃಹಗಳ ನೆಲೆಗಟ್ಟನ್ನೂ ನೀರಿನ ವ್ಯವಸ್ಥೆಯ ಗುರುತುಗಳನ್ನೂ ಕಾಣಬಹುದು. 1824ರ ಕಾಳಗದಲ್ಲಿ ಆ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ತೀರಿಕೊಂಡಳು. ಕಲ್ಲು ಅಷ್ಟಿಷ್ಟು ಉಳಿಯಿತು. ನೀರುಣಿಸುವ ಕೈ ಇಲ್ಲವಾದಾಗ ತೋಟ ಒಂದು ಬೇಸಿಗೆಯನ್ನೂ ದಾಟುವುದಿಲ್ಲ. ಅದಕ್ಕೇ ನಮ್ಮಲ್ಲಿ ಹಳೆಯ ಕೋಟೆಗಳಿವೆ, ಹಳೆಯ ಹೂದೋಟಗಳಿಲ್ಲ.

ಇನ್ನು ಬಾವಿಯಿಲ್ಲದವರ ಮನೆ. ಅಲ್ಲಿ ಹೂವಿಗೆ ಸಿಗುತ್ತಿದ್ದುದು ಪಾತ್ರೆ ತೊಳೆದ ನೀರು, ಕಾಲು ತೊಳೆದ ನೀರು. ಒಂದು ತಂಬಿಗೆ ನೀರನ್ನು ಎರೆಭೂಮಿಗೆ ಸುರಿದರೆ ಬಿರುಕಿನೊಳಗೆ ಇಂಗಿಹೋಗುತ್ತದೆ; ಬಾಯೊಡೆದ ಕೊಡದಲ್ಲಿ ಮಣ್ಣು ತುಂಬಿ ಅದೇ ತಂಬಿಗೆಯನ್ನು ಹೊಯ್ದರೆ ಗಿಡ ಒಂದು ದಿನ ಬದುಕುತ್ತದೆ. ಕುಂಡದ ಬೇಸಾಯ ಬಡವರ ಲೆಕ್ಕಾಚಾರದಲ್ಲಿ ಹುಟ್ಟಿದ್ದು ಎಂದು ನಾನು ನಂಬಿರುವುದು ಇದಕ್ಕಾಗಿ.

ತೂಗುವ ವಿದ್ಯೆಯೂ ನಮಗೆ ಹೊಸದಲ್ಲ. ಮಾಳಿಗೆಯ ಜಂತಿಗೆ ನೆಲುವು ಕಟ್ಟಿ ಅದರಲ್ಲಿ ಹಾಲು ಮೊಸರಿನ ಗಡಿಗೆಗಳನ್ನು ಇಡುತ್ತಿದ್ದುದನ್ನು ಹಿರಿಯರು ಬಲ್ಲರು. ಬಾಲಕೃಷ್ಣನ ಕಥೆಯೇ ನೆಲುವಿಲ್ಲದೆ ಮುಂದುವರಿಯದು. ಶಿವಾಲಯಗಳಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆ ಹನಿಹನಿಯಾಗಿ ನೀರಿಳಿಸುತ್ತದೆ. ದೃಷ್ಟಿಯಾಗದಿರಲೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳಸರ ಮಣ್ಣೂ ನೀರೂ ಇಲ್ಲದೆ ತಿಂಗಳುಗಟ್ಟಲೆ ಹಸುರಾಗಿರುತ್ತದೆ. ನವರಾತ್ರಿಯ ಘಟಸ್ಥಾಪನೆಯಲ್ಲಂತೂ ಎಲ್ಲವೂ ಕೂಡಿ ಬರುತ್ತವೆ: ಬುಟ್ಟಿಯಲ್ಲೋ ಎಲೆಯ ಮೇಲೋ ಹರಡಿದ ಮಣ್ಣು, ಅದರಲ್ಲಿ ಬಿತ್ತಿದ ಕಾಳು, ನಡುವೆ ನೀರಿನ ಗಡಿಗೆ, ಮೇಲಿನಿಂದ ದಿನಕ್ಕೊಂದರಂತೆ ಇಳಿಬಿಟ್ಟ ಹೂಮಾಲೆ.

ಕವಿಗಳು ಬಳ್ಳಿಯನ್ನು ಏರಿಸಿದರು ಎಂದೆ. ಶಿಲ್ಪಿಗಳು ಮಾತ್ರ ಅದನ್ನು ಇಳಿಸಿಯೂ ನೋಡಿದ್ದಾರೆ. ಸಾಂಚಿ, ಅಮರಾವತಿಗಳಷ್ಟು ಹಿಂದೆಯೇ ಪೂರ್ಣಘಟವೆಂಬ ಚಿಹ್ನೆ ನಮ್ಮ ಶಿಲ್ಪದಲ್ಲಿದೆ. ತುಂಬಿದ ಕಲಶ, ಅದರ ಬಾಯಿಂದ ಉಕ್ಕುವ ಎಲೆ, ಮೊಗ್ಗು, ಹೂ; ಕೆಲವೆಡೆ ಅವು ಕಲಶದ ಕಂಠವನ್ನು ದಾಟಿ ಒಡಲಿನ ಮೇಲೆ ಜೋಲುತ್ತವೆ. ಅಲ್ಲಿ ಆಸರೆಯ ಕೊರತೆಯಿಲ್ಲ, ದುಃಖವೂ ಇಲ್ಲ; ತುಂಬಿ ಚೆಲ್ಲುವುದೇ ಅದರ ಅರ್ಥ. ತೂಗುಕುಂಡವನ್ನು ಪರದೇಶದ್ದೆನ್ನುವವರು ಒಮ್ಮೆ ಈ ಕಲಶವನ್ನು ನೋಡಬೇಕು.

ಪರದೇಶದಿಂದ ಬಂದವು ಬಹುಮಟ್ಟಿಗೆ ಗಿಡಗಳು. ಕಾಗದದ ಹೂವೆಂದು ನಾವು ಕರೆಯುವ ಬೋಗನ್‌ವಿಲ್ಲೆಯನ್ನು 1767ರಲ್ಲಿ ಬ್ರೆಜಿಲ್ಲಿನಲ್ಲಿ ಸಂಗ್ರಹಿಸಿದವನು ಫ್ರೆಂಚ್ ಸಸ್ಯವಿಜ್ಞಾನಿ ಕಾಮರ್ಸನ್. ಅವನ ಸಹಾಯಕನಾಗಿ ಗಂಡುವೇಷದಲ್ಲಿ ಹಡಗೇರಿದ್ದವಳು ಜಾನ್ ಬಾರೆ ಎಂಬ ಹೆಣ್ಣುಮಗಳು. ಹೂವಿಗೆ ಹೆಸರು ನಿಂತದ್ದು ಹಡಗಿನ ನಾಯಕನದು! ಲಂಡನ್ನಿನ ವೈದ್ಯ ವಾರ್ಡ್ 1833ರಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ ಸಸಿಗಳನ್ನು ಸಿಡ್ನಿಯವರೆಗೆ ಜೀವಂತವಾಗಿ ಕಳಿಸಿ ತೋರಿಸಿದನು. ಒಳಗಿನ ತೇವವೇ ಆವಿಯಾಗಿ ಮತ್ತೆ ಹನಿಯಾಗಿ ಬೇರಿಗೆ ಇಳಿಯುತ್ತಿದ್ದುದರಿಂದ ಹಡಗಿನ ಸಿಹಿನೀರನ್ನು ಗಿಡಕ್ಕೆ ಸುರಿಯುವ ಅಗತ್ಯ ಬೀಳಲಿಲ್ಲ. ಆಮೇಲೆ ಸಮುದ್ರ ದಾಟಿದ ಗಿಡಗಳಿಗೆ ಲೆಕ್ಕವಿಲ್ಲ.

ಹೀಗೆ ಬಂದವುಗಳಲ್ಲಿ ನಮ್ಮ ಸೀಮೆಗೆ ಹೇಳಿ ಮಾಡಿಸಿದಂತಿರುವುದು ದಕ್ಷಿಣ ಅಮೆರಿಕದ ಪುಟ್ಟ ಗಿಡವೊಂದು. ಟೇಬಲ್ ರೋಸ್ ಎಂದು ಅಂಗಡಿಯಲ್ಲಿ, ಹತ್ತುಗಂಟೆ ಹೂ ಎಂದು ಓಣಿಯಲ್ಲಿ ಅದರ ಹೆಸರು. ನಾವು ಪಲ್ಯ ಮಾಡುವ ಗೋಣಿಸೊಪ್ಪಿನ ದಾಯಾದಿ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಬಿಸಿಲೇರಿದಾಗ ಅರಳುತ್ತದೆ, ಕುಂಡದಂಚಿನಿಂದ ಇಳಿಬೀಳುತ್ತದೆ. ತೂಗುಕುಂಡಕ್ಕೆ ಸುತ್ತಲೂ ಗಾಳಿ ಬಡಿಯುವುದರಿಂದ ಅದು ನೆಲದ ಕುಂಡಕ್ಕಿಂತ ಬೇಗ ಒಣಗುತ್ತದೆ. ಬರೀ ಎರೆಮಣ್ಣು ತುಂಬಿದರೆ ಹಸಿಯಿದ್ದಾಗ ಬೇರು ಕೊಳೆಯುತ್ತದೆ, ಒಣಗಿದಾಗ ಮಣ್ಣು ಕುಂಡದ ಗೋಡೆಯನ್ನು ಬಿಟ್ಟು ಸರಿಯುತ್ತದೆ. ಮರಳು, ಕೆಂಪುಮಣ್ಣು, ಹಳೆಯ ಸಗಣಿ ಗೊಬ್ಬರ ಬೆರೆಸಬೇಕೆಂಬುದನ್ನು ಯಾವ ಪುಸ್ತಕವನ್ನೂ ಓದದೆ ನಮ್ಮ ಹೆಣ್ಣುಮಕ್ಕಳು ಕಂಡುಕೊಂಡಿದ್ದಾರೆ.

ಕುಂಡವೂ ಕಾಲಕ್ಕೆ ತಕ್ಕಂತೆ ಬದಲಾಯಿತು. ಕುಂಬಾರನ ಮಡಕೆಯ ಜೊತೆಗೆ ಚಿಮಣಿ ಎಣ್ಣೆಯ ಡಬ್ಬಿ ಬಂತು. 1937ರಲ್ಲಿ ಮಾರುಕಟ್ಟೆಗಿಳಿದ ಡಾಲ್ಡಾ, ತುಪ್ಪದ ಮರ್ಯಾದೆಯನ್ನು ಎಷ್ಟು ಕೆಡಿಸಿತೋ ಕಾಣೆ, ಅದರ ಖಾಲಿ ಡಬ್ಬಿ ಮಾತ್ರ ಸಾವಿರಾರು ಮನೆಗಳಿಗೆ ಹೂಕುಂಡ ಕೊಟ್ಟಿತು. ನಂತರ ಪ್ಲಾಸ್ಟಿಕ್. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮಲಪ್ರಭೆಯನ್ನು ಹಿಡಿದು ನಿಲ್ಲಿಸಿತು. ಪೇಟೆಗಳು ಬೆಳೆದಂತೆ ಮನೆಗೆ ನಳ ಬಂತು, ಹಿತ್ತಲು ಹೋಯಿತು. ನೀರು ಸಿಕ್ಕ ಹೊತ್ತಿಗೆ ನೆಲ ಉಳಿಯಲಿಲ್ಲವಾದ್ದರಿಂದ ಹೂ ಮೇಲಕ್ಕೆ ಹೋಗಿ ತೂಗಿಕೊಂಡಿತು.

ಹಿತ್ತಲಿನ ಜೊತೆಗೆ ಹೋದ ಇನ್ನೊಂದನ್ನು ಹೇಳಬೇಕು. ಮಾಧವಿ, ಮಾಲತಿ, ಅತಿಮುಕ್ತ ಎಂದು ತರಗತಿಯಲ್ಲಿ ಅರ್ಥ ಹೇಳುತ್ತೇವೆ. ಕಣ್ಣಿಂದ ಕಂಡ ವಿದ್ಯಾರ್ಥಿ ನೂರಕ್ಕೊಬ್ಬನಿಲ್ಲ, ಅಧ್ಯಾಪಕರ ಮಾತು ಬೇಡ. ಮರದಷ್ಟು ದಪ್ಪವಾಗಿ ಬೆಳೆಯುವ ಮಾಧವಿಯನ್ನು ಕುಂಡದಲ್ಲಿ ಇರುಕಿಸಲಾಗದು. ಹಳೆಯ ಹೆಸರಿಗೆ ಹೂವಿಲ್ಲ, ಹೊಸ ಹೂವಿಗೆ ನಿಘಂಟಿನಲ್ಲಿ ಹೆಸರಿಲ್ಲ. ಸಂಜೆ ಬಿಳಿದಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುವ ಬಳ್ಳಿಯನ್ನು ರಂಗೂನ್ ಮಲ್ಲಿಗೆ ಎಂದು ಕರೆದವರು ಯಾರು? ಪಂಡಿತರಂತೂ ಅಲ್ಲ. ಹತ್ತುಗಂಟೆ ಹೂವಿನ ಒಂದು ಕಡ್ಡಿ ಮುರಿದು ಚುಚ್ಚಿದರೆ ಸಾಕು, ಚಿಗುರುತ್ತದೆ. ಸವದತ್ತಿಯ ಓಣಿಯಲ್ಲಿ ಒಬ್ಬಾಕೆ ಕಟ್ಟೆಯ ಮೇಲೆ ನಿಂತು, "ನಮಗೂ ಒಂದು ಕಡ್ಡಿ ಕೊಡ್ರಿ ಅಕ್ಕಾರ" ಎಂದಾಗ ಗಿಡದ ಜೊತೆಗೆ ಆ ಹೆಸರೂ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತದೆ.