ಅಟ್ಟದ ಮಡಿಸುವ ಏಣಿ

ಅಟ್ಟದ ಮಡಿಸುವ ಏಣಿಯು ಮನೆಯ ಅಟ್ಟಕ್ಕೆ ಹತ್ತಿ ಇಳಿಯಲು ಅಟ್ಟದ ನೆಲದಲ್ಲಿ ಕೊರೆದ ಕಿಂಡಿಗೆ ಅಳವಡಿಸುವ, ಬಳಕೆಯಿಲ್ಲದಾಗ ಮಡಿಸಿ ಮೇಲಕ್ಕೆ ಮುಚ್ಚಬಹುದಾದ ಮೆಟ್ಟಿಲು ಸಾಧನವಾಗಿದೆ. ಕಿಂಡಿಯ ಮುಚ್ಚಳದ ಹಲಗೆಗೆ ಏಣಿಯು ಜೋಡಣೆಯಾಗಿರುತ್ತದೆ. ಹಗ್ಗ ಅಥವಾ ಕೊಕ್ಕೆಯ ಕೋಲಿನಿಂದ ಮುಚ್ಚಳವನ್ನು ಕೆಳಗೆಳೆದು ಏಣಿಯ ಭಾಗಗಳನ್ನು ಬಿಚ್ಚಿ ನೆಲಕ್ಕೆ ಊರಲಾಗುತ್ತದೆ. ಎರಡು ಬದಿಯ ಸ್ಪ್ರಿಂಗ್‌ಗಳು ಮುಚ್ಚಳದ ಭಾರವನ್ನು ತಡೆಹಿಡಿಯುತ್ತವೆ. ಕರ್ನಾಟಕದ ದಾವಣಗೆರೆ ಮತ್ತು ಹರಿಹರದಂತಹ ನಗರಗಳಲ್ಲಿ ಇದರ ಆಯ್ಕೆಯು ಏಣಿಯ ಗುಣಕ್ಕಿಂತ ಹೆಚ್ಚಾಗಿ ಕಿಂಡಿ ಕೊರೆಯಬೇಕಾದ ಕಟ್ಟಡದ ರಚನೆಯನ್ನು ಅವಲಂಬಿಸಿದೆ.

ಸ್ಥಳೀಯ ಹಿನ್ನೆಲೆ

ದಾವಣಗೆರೆ ಜಿಲ್ಲೆಯು ಮಲೆನಾಡು ಮತ್ತು ಬಯಲುಸೀಮೆಗಳ ನಡುವೆ ಇದೆ. ಮಲೆನಾಡಿನ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟವು ಕಟ್ಟಿಗೆ, ಅಡಿಕೆ ಮುಂತಾದವುಗಳನ್ನು ಹೊಗೆಯ ಶಾಖದಲ್ಲಿ ಒಣಗಿಡುವ ಜಾಗ. ಬಯಲುಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದುದರಿಂದ ಅಟ್ಟಕ್ಕೆ ಅಷ್ಟು ಪ್ರಾಮುಖ್ಯವಿರಲಿಲ್ಲ. ಅಲ್ಲಿನ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹತ್ತಬೇಕಾಗಿದ್ದುದು ಮಾಳಿಗೆಯ ಮೇಲಕ್ಕೆ: ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಒಣಗಿಸಲು. ಇದಕ್ಕೆ ಬಿದಿರಿನ ಏಣಿ ಅಥವಾ ಮರದ ನಿಚ್ಚಣಿಕೆ ಸಾಕಾಗುತ್ತಿತ್ತು.

ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ನಂತರ ಮಂಗಳೂರು ಹಂಚು ಒಳನಾಡಿಗೂ ಹರಡಿತು. ಇಳಿಜಾರು ಛಾವಣಿಯ ಕೆಳಗೆ ಹಲಗೆ ಹಾಸಿದ ಅಟ್ಟವು ಮನೆಗಳಿಗೂ ಅಂಗಡಿಗಳಿಗೂ ದಾಸ್ತಾನಿನ ಜಾಗವಾಯಿತು. ಇಂದಿನ ಆರ್‌ಸಿಸಿ ಮನೆಗಳಲ್ಲಿ ಅಟ್ಟವೆಂದರೆ ಸಾಮಾನ್ಯವಾಗಿ ಬಾಗಿಲಿನ ಲಿಂಟಲ್ ಮಟ್ಟದಲ್ಲಿ, ಸುಮಾರು 7 ಅಡಿ ಎತ್ತರದಲ್ಲಿ, ಗೋಡೆಯಿಂದ ಹೊರಚಾಚಿದ 2 ಅಡಿ ಅಗಲದ ಹಾಸು. ಇಂತಹ ಅಟ್ಟಕ್ಕೆ ಮಡಿಸುವ ಏಣಿ ಅನವಶ್ಯಕ. ಅಲ್ಯೂಮಿನಿಯಂನ ಒಂಟಿ ಏಣಿಯೇ ಸಾಕು. ಹಳೆಯ ಹಂಚಿನ ಕಟ್ಟಡದ ಅಟ್ಟ, ತಗಡಿನ ಛಾವಣಿಯ ಗೋದಾಮಿನ ನಡುಮಾಳಿಗೆ ಮತ್ತು ಹೊರಮೆಟ್ಟಿಲಿಲ್ಲದ ಮನೆಯ ತಾರಸಿ ಇದಕ್ಕೆ ತಕ್ಕ ಸ್ಥಳಗಳು.

ವಿಧಗಳು

ಮರದ ಏಣಿಗಳು ಮೂರು ತುಂಡುಗಳಾಗಿ ಮಡಚಿಕೊಳ್ಳುತ್ತವೆ. ಇವು ನಡೆಯುವಾಗ ಸದ್ದು ಮಾಡುವುದಿಲ್ಲ, ಆದರೆ ಗೆದ್ದಲಿಗೆ ತುತ್ತಾಗುತ್ತವೆ. ಅಲ್ಯೂಮಿನಿಯಂ ಏಣಿಗಳು ಹಗುರ. ಕತ್ತರಿಯಂತೆ ತೆರೆದುಕೊಳ್ಳುವ ಉಕ್ಕಿನ ಏಣಿಗಳಿಗೆ ಚಿಕ್ಕ ಕಿಂಡಿ ಸಾಕು; ಬಿಚ್ಚುವಾಗ ನೆಲದ ಮೇಲೂ ಕಡಿಮೆ ಜಾಗ ಬೇಕಾಗುತ್ತದೆ. ಸ್ಥಳೀಯ ವೆಲ್ಡಿಂಗ್ ಅಂಗಡಿಗಳಲ್ಲಿ ಮಾಡಿಸಿದ ಏಣಿಯು ಗಟ್ಟಿಯಾಗಿದ್ದರೂ ಭಾರವಾಗಿರುವುದರಿಂದ, ಸ್ಪ್ರಿಂಗ್ ಅಥವಾ ಎದುರುತೂಕವಿಲ್ಲದೆ ಅದನ್ನು ಮುಚ್ಚಳಕ್ಕೆ ತೂಗುಬಿಡುವುದು ಅಪಾಯಕಾರಿ. ಸಿದ್ಧ ಏಣಿಗಳಿಗೆ ಯುರೋಪಿನಲ್ಲಿ ಇಎನ್ 14975, ಅಮೆರಿಕದಲ್ಲಿ ಎಎನ್‌ಎಸ್‌ಐ ಎ14.9 ಎಂಬ ಮಾನದಂಡಗಳಿವೆ. ಏಣಿಯ ಮೇಲೆ ನಮೂದಿಸಿದ ಭಾರದ ಮಿತಿಯನ್ನು ಹತ್ತುವವರ ತೂಕವೊಂದಕ್ಕೇ ಹೋಲಿಸುವುದು ತಪ್ಪು. 70 ಕಿಲೋ ತೂಕದವರು 50 ಕಿಲೋ ಅಕ್ಕಿಚೀಲವನ್ನು ಹೊತ್ತರೆ ಏಣಿಯ ಮೇಲೆ ಬೀಳುವುದು 120 ಕಿಲೋ. ಚೀಲ ಹೊತ್ತವರಿಗೆ ಹಿಡಿಯಲು ಕೈಯೂ ಇರುವುದಿಲ್ಲವಾದ್ದರಿಂದ, ಧಾನ್ಯ ಸಾಗಿಸುವ ಅಟ್ಟಕ್ಕೆ ಈ ಏಣಿಯು ಸೂಕ್ತವಲ್ಲ.

ಅಳತೆ

ಕೆಳಗಿನ ನೆಲದಿಂದ ಅಟ್ಟದ ನೆಲದ ಮೇಲ್ಮೈವರೆಗಿನ ಎತ್ತರ, ಕಿಂಡಿಯ ಉದ್ದ-ಅಗಲ, ಏಣಿ ಊರುವ ಜಾಗ ಮತ್ತು ಅಟ್ಟದೊಳಗೆ ತಲೆಗೆ ಸಿಗುವ ಎತ್ತರ ಈ ನಾಲ್ಕನ್ನು ಕೊಳ್ಳುವ ಮೊದಲೇ ಅಳೆಯಬೇಕು. 10 ಅಡಿ ಎತ್ತರದಲ್ಲಿ 65 ಡಿಗ್ರಿ ಓರೆಯಾಗಿ ನಿಲ್ಲುವ ಏಣಿಯ ಬುಡವು ಮೇಲ್ತುದಿಯ ನೇರದಿಂದ ಸುಮಾರು 4 ಅಡಿ 8 ಅಂಗುಲ ಮುಂದಕ್ಕೆ ಬರುತ್ತದೆ. ಇದರ ಮುಂದೆ ವ್ಯಕ್ತಿ ನಿಲ್ಲಲು ಇನ್ನೂ ಎರಡರಿಂದ ಮೂರು ಅಡಿ ಬೇಕು. ಹಂಚಿನ ಮನೆಯಲ್ಲಿ ಕಿಂಡಿಯನ್ನು ಛಾವಣಿಯ ನೆತ್ತಿಯ ಕೆಳಗೆ ಇಟ್ಟರೆ ಮಾತ್ರ ಬಗ್ಗದೆ ಮೇಲೇರಬಹುದು.

ಕಿಂಡಿ ಕೊರೆಯುವಿಕೆ

ಮರದ ಅಟ್ಟದಲ್ಲಿ ಗೋಡೆಯಿಂದ ಗೋಡೆಗೆ ಇರುವ ದಪ್ಪ ತೊಲೆಯನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ತೊಲೆಗಳ ಮೇಲಿನ ಜಂತೆಗಳ ದಿಕ್ಕಿನಲ್ಲೇ ಕಿಂಡಿಯ ಉದ್ದ ಬರುವಂತೆ ಗುರುತಿಸಿದರೆ ಒಂದೆರಡು ಜಂತೆಗಳಷ್ಟೇ ಅಡ್ಡ ಬರುತ್ತವೆ. ಕತ್ತರಿಸಿದ ಜಂತೆಯ ತುದಿಗಳನ್ನು ಅಷ್ಟೇ ದಪ್ಪದ ಅಡ್ಡಪಟ್ಟಿಗಳಿಗೆ, ಆ ಪಟ್ಟಿಗಳನ್ನು ಅಕ್ಕಪಕ್ಕದ ಪೂರ್ಣ ಜಂತೆಗಳಿಗೆ ಬಿಗಿಯಬೇಕು. ಗೆದ್ದಲು ಹಿಡಿದ ಜಂತೆಯು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರಬಹುದು. ಉಳಿಯಿಂದ ಚುಚ್ಚಿ ನೋಡುವುದು ಬಡಗಿಗಳ ರೂಢಿ.

ಆರ್‌ಸಿಸಿ ತಾರಸಿಯಲ್ಲಿ ವಿಷಯ ಇನ್ನೂ ಗಂಭೀರ. ಮುಖ್ಯ ಕಂಬಿಗಳು ಸಾಮಾನ್ಯವಾಗಿ ಕೋಣೆಯ ಕಿರಿದಾದ ಬದಿಯ ದಿಕ್ಕಿನಲ್ಲಿರುತ್ತವೆ. ಅವು 6 ಅಂಗುಲ ಅಂತರದಲ್ಲಿದ್ದರೆ, 4½ ಅಡಿ ಉದ್ದ, 2¼ ಅಡಿ ಅಗಲದ ಕಿಂಡಿಯ ಉದ್ದನೆಯ ಬದಿಯು ಕಂಬಿಗಳಿಗೆ ಅಡ್ಡಲಾಗಿ ಬಂದಾಗ ಸುಮಾರು 9 ಕಂಬಿಗಳು, ಅದೇ ದಿಕ್ಕಿನಲ್ಲಿದ್ದಾಗ ನಾಲ್ಕೈದು ಕಂಬಿಗಳು ತುಂಡಾಗುತ್ತವೆ. ಕಾಂಕ್ರೀಟು ಸುರಿಯುವ ಮೊದಲೇ ಕಿಂಡಿಯ ಜಾಗ ಬಿಟ್ಟು ಸುತ್ತ ಹೆಚ್ಚುವರಿ ಕಂಬಿ ಕಟ್ಟುವುದು ಸುಲಭವೂ ಅಗ್ಗವೂ ಹೌದು. ಹಳೆಯ ತಾರಸಿಯನ್ನು ಕೊರೆಯುವುದಾದರೆ ರಚನಾ ಎಂಜಿನಿಯರರ ಲಿಖಿತ ಸಲಹೆ, ಕೆಳಗೆ ತಾತ್ಕಾಲಿಕ ಊರೆಗಂಬಗಳು ಮತ್ತು ಅಂಚಿಗೆ ಉಕ್ಕಿನ ತೊಲೆಗಳ ಆಸರೆ ಅಗತ್ಯ. ಕಾಂಕ್ರೀಟಿನೊಳಗೆ ಹಾದುಹೋಗುವ ವಿದ್ಯುತ್ ಕೊಳವೆಗಳನ್ನೂ ಮೊದಲೇ ಪತ್ತೆಹಚ್ಚಬೇಕು. ತಾರಸಿಗೆ ತೆರೆಯುವ ಕಿಂಡಿಗೆ ಸುತ್ತಲೂ ಕನಿಷ್ಠ 6 ಅಂಗುಲದ ಕಟ್ಟೆ ಹಾಗೂ ಅದರ ಹೊರಗೆ ಇಳಿಬಿದ್ದ ಅಂಚಿನ ಮುಚ್ಚಳವಿಲ್ಲದಿದ್ದರೆ ಮಳೆನೀರು ನೇರವಾಗಿ ಕೋಣೆಗೆ ಇಳಿಯುತ್ತದೆ.

ಅಳವಡಿಕೆ

ಕಿಂಡಿಯ ಕೆಳಅಂಚಿಗೆ ತಾತ್ಕಾಲಿಕ ಪಟ್ಟಿಗಳನ್ನು ಬಡಿದು, ಏಣಿಯ ಚೌಕಟ್ಟನ್ನು ಅವುಗಳ ಮೇಲೆ ಕೂರಿಸಲಾಗುತ್ತದೆ. ಈ ಕೆಲಸಕ್ಕೆ ಮೇಲೊಬ್ಬರು, ಕೆಳಗೊಬ್ಬರು ಬೇಕು. ಚೌಕಟ್ಟಿನ ಎರಡೂ ಕರ್ಣಗಳು ಸಮನಾಗಿರುವಂತೆ ಮರದ ಚಕ್ಕೆಗಳಿಂದ ಸಂದು ತುಂಬಿ, ಬಳಿಕ ಜಂತೆಗೆ ದಪ್ಪ ತಿರುಪುಗಳಿಂದ ಅಥವಾ ಕಾಂಕ್ರೀಟಿಗೆ ಆಂಕರ್ ಬೋಲ್ಟ್‌ಗಳಿಂದ ಬಿಗಿಯಲಾಗುತ್ತದೆ. ಮರದ ಏಣಿಯ ಕೊನೆಯ ತುಂಡನ್ನು ನೆಲದ ಓರೆಗೆ ತಕ್ಕಂತೆ ಕತ್ತರಿಸಬೇಕು. ಉದ್ದ ಹೆಚ್ಚಾದರೂ ಕಡಿಮೆಯಾದರೂ ಕೀಲುಗಳು ಪೂರ್ತಿ ಕೂಡಿಕೊಳ್ಳದೆ, ಭಾರವು ಮರದ ಬದಲು ಕೀಲಿನ ಬೋಲ್ಟ್‌ಗಳ ಮೇಲೆ ಬಿದ್ದು ಅವು ಮುರಿಯುತ್ತವೆ. ಅಟ್ಟದ ಕಡೆ ಕಿಂಡಿಯ ಮೂರು ಬದಿಗೆ ಸುಮಾರು 3 ಅಡಿ ಎತ್ತರದ ಕಟಕಟೆ ಇರಬೇಕು.

ನಿರ್ವಹಣೆ

ಕೀಲುಗಳ ಧೂಳನ್ನು ಒರೆಸಿ ಎಣ್ಣೆ ಹಾಕುವುದು, ತಿರುಪುಗಳನ್ನು ಬಿಗಿಮಾಡುವುದು ವರ್ಷಕ್ಕೆ ಎರಡು ಬಾರಿ ನಡೆದರೆ ಸಾಕು. ಸೆಟೆದ ಸ್ಪ್ರಿಂಗ್ ಕಳಚಿದರೆ ರಭಸದಿಂದ ಸಿಡಿಯುವುದರಿಂದ, ತಯಾರಕರು ಸೂಚಿಸಿದ ಕ್ರಮದಲ್ಲಿ ಅದರ ಸೆಟೆತವನ್ನು ಸಡಿಲಿಸಿದ ಮೇಲಷ್ಟೇ ಬದಲಿಸಬೇಕು. ಎರಡು ಬದಿಯ ಸ್ಪ್ರಿಂಗ್‌ಗಳನ್ನು ಒಟ್ಟಿಗೇ ಬದಲಿಸಲಾಗುತ್ತದೆ.