ದೂರದ ದುಃಖಕ್ಕೆ ಸ್ಪಂದಿಸುವ ವಿದ್ಯೆ

1755ರ ನವೆಂಬರ್ 1ರಂದು ಭೂಕಂಪ, ಸುನಾಮಿ, ಬೆಂಕಿ ಮೂರೂ ಸೇರಿ ಲಿಸ್ಬನ್ ನಗರವನ್ನು ಹಾಳುಗೆಡವಿದವು. ಸುದ್ದಿ ಲಂಡನ್ ಮುಟ್ಟಿದ ಮೇಲೆ ಬ್ರಿಟನ್ನಿನ ಪಾರ್ಲಿಮೆಂಟು ಒಂದು ಲಕ್ಷ ಪೌಂಡು ನೆರವು ಮಂಜೂರು ಮಾಡಿತು. ಅದರಲ್ಲಿ ಒಂದಷ್ಟು ನಾಣ್ಯದ ರೂಪದಲ್ಲಿ ಹೋಯಿತು. ಉಳಿದದ್ದು ಮಾಂಸ, ಬೆಣ್ಣೆ, ಹಿಟ್ಟು, ಅಕ್ಕಿ, ಬೂಟು, ಗುದ್ದಲಿ, ಸನಿಕೆಯಾಗಿ ಹಡಗು ಹತ್ತಿತು. ಇತ್ತ ಪೋರ್ಚುಗಲ್ಲಿನ ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದವನು, ಊರೂರಿನ ಪಾದ್ರಿಗಳಿಗೆ ಒಂದು ಪ್ರಶ್ನಾವಳಿ ಕಳಿಸಿದ. ನೆಲ ಎಷ್ಟು ಹೊತ್ತು ನಡುಗಿತು, ಆಮೇಲೆ ಎಷ್ಟು ಸಲ ಕಂಪಿಸಿತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಜನ ಸತ್ತರು? ಉತ್ತರಗಳು ಇಂದಿಗೂ ಭೂಕಂಪ ವಿಜ್ಞಾನಿಗಳಿಗೆ ಆಕರ.

ದುರಂತಕ್ಕೆ ಸ್ಪಂದಿಸುವ ಎರಡು ಬಗೆಗಳು ಅಲ್ಲೇ ಕಾಣುತ್ತವೆ: ಸಾಮಾನು ಕಳಿಸುವುದು ಮತ್ತು ಅಲ್ಲಿದ್ದವರನ್ನು ಕೇಳುವುದು. ಮೊದಲನೆಯದು ಬೇಗ ಬೆಳೆಯಿತು. ಎರಡನೆಯದು ಬಹಳ ನಿಧಾನವಾಗಿ, ಪ್ರತಿ ದುರಂತದಲ್ಲೂ ಪೆಟ್ಟು ತಿನ್ನುತ್ತ ಬೆಳೆದು ಬಂದಿದೆ. ಈ ಕ್ಷೇತ್ರದ ಇತಿಹಾಸವನ್ನು ಆ ನಿಧಾನದ ಇತಿಹಾಸವಾಗಿಯೇ ಓದಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಲಿಸ್ಬನ್ ಕುರಿತ ವಾದವಿವಾದದಲ್ಲಿ ರೂಸೋ 1756ರಲ್ಲಿ ವೋಲ್ಟೇರ್‌ಗೆ ಬರೆದ ಪತ್ರವನ್ನೂ ಇಲ್ಲಿ ನೆನೆಯಬೇಕು. ಬಹುಮಹಡಿ ಮನೆಗಳನ್ನು ಅಷ್ಟು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯೇನಲ್ಲವಲ್ಲ ಎಂಬುದು ಅವನ ತಕರಾರು. ಆ ಮಾತು ವಿಶ್ವವಿದ್ಯಾಲಯಗಳ ಕಿವಿಗೆ ಬೀಳಲು ಇನ್ನೂರು ವರ್ಷ ಬೇಕಾಯಿತು.

ದುರಂತದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೊದಲ ಶಾಸ್ತ್ರೀಯ ಅಧ್ಯಯನ ಕೆನಡಾದಿಂದ ಬಂತು. 1917ರ ಡಿಸೆಂಬರ್ 6ರಂದು ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಹಡಗು ಸಿಡಿದು ಊರಿನ ಒಂದು ಭಾಗವೇ ನಾಶವಾಯಿತು. ಅಲ್ಲಿ ಪಾದ್ರಿಯಾಗಿದ್ದ ಸ್ಯಾಮ್ಯುಯೆಲ್ ಹೆನ್ರಿ ಪ್ರಿನ್ಸ್, ಆ ಅನುಭವವನ್ನೇ ವಿಷಯವಾಗಿಸಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧ 1920ರಲ್ಲಿ ಪ್ರಕಟವಾಯಿತು. ಆ ಸ್ಫೋಟ ಪ್ರಕೃತಿ ವಿಕೋಪವಲ್ಲದಿದ್ದರೂ ಈ ವಿದ್ಯೆಯ ವಂಶಾವಳಿ ಆರಂಭವಾಗುವುದು ಅಲ್ಲಿಂದಲೇ.

ನಮ್ಮ ದೇಶದ ಕೊಡುಗೆಯನ್ನು ಈ ವಂಶಾವಳಿಯಲ್ಲಿ ಯಾರೂ ಸಾಕಷ್ಟು ಎತ್ತಿ ಹೇಳುವುದಿಲ್ಲ. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ಭೂಕಂಪ ನಡುಗಿಸಿತು. ಇದು ಅಸ್ಪೃಶ್ಯತೆಯ ಪಾಪಕ್ಕೆ ಸಿಕ್ಕ ಶಿಕ್ಷೆ ಎಂದು ಗಾಂಧೀಜಿ ಹೇಳಿದರು, ರವೀಂದ್ರನಾಥ ಟಾಗೋರರು ಅದನ್ನು ಬಹಿರಂಗವಾಗಿಯೇ ಖಂಡಿಸಿದರು. ಈ ಚರ್ಚೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸ. ನೆಲ ನಡುಗಿದ ಅನುಭವವಾದರೂ ಮನೆಮಠ ಕಳೆದುಕೊಳ್ಳದ ಪ್ರದೇಶಗಳಲ್ಲಿ ಹಬ್ಬಿದ ವದಂತಿಗಳನ್ನು ಅವರು ಕಲೆಹಾಕಿದರು. ಇನ್ನೂ ಭೀಕರವಾದದ್ದು ಬರಲಿದೆ, ಪ್ರಳಯವಾಗಲಿದೆ ಎಂಬ ಮಾತುಗಳು ಹುಲುಸಾಗಿ ಬೆಳೆದದ್ದು ಅಲ್ಲಿ. 1935ರಲ್ಲಿ ಅವರ ಲೇಖನ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಬಂತು. ದುರ್ಗಾನಂದ ಸಿನ್ಹಾ ಅವರು ಡಾರ್ಜಿಲಿಂಗ್ ಭೂಕುಸಿತದ ಬಗ್ಗೆ 1952ರಲ್ಲಿ ಬರೆದದ್ದು ಇದಕ್ಕೆ ಪೂರಕ: ಕಣ್ಣೆದುರೇ ಸಾವುನೋವು ಕಂಡ ಊರಿನಲ್ಲಿ ಅಂಥ ಪ್ರಳಯದ ವದಂತಿಗಳು ಹುಟ್ಟಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಗರ್ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚಿಸಿದರು. ಮನಸ್ಸಿನಲ್ಲಿ ಭಯ ಹೊಕ್ಕಿದೆ, ಸುತ್ತಮುತ್ತ ಭಯಪಡುವಂಥದ್ದು ಏನೂ ಇಲ್ಲ. ಆಗ ಭಯಕ್ಕೊಂದು ಕಾರಣವನ್ನು ಮನಸ್ಸೇ ಹುಡುಕಿಕೊಳ್ಳುತ್ತದೆ ಎಂದರು. 1957ರಲ್ಲಿ ಅವರು ಮಂಡಿಸಿದ ಪ್ರಖ್ಯಾತ ಸಿದ್ಧಾಂತಕ್ಕೆ ಈ ಬಿಹಾರದ ವದಂತಿಗಳೇ ಪ್ರೇರಣೆ. ವಾಟ್ಸಾಪಿನಲ್ಲಿ ದೂರದ ನೆರೆಯ ವಿಡಿಯೋ ಬಂದ ಕ್ಷಣವೇ ಹತ್ತು ಜನಕ್ಕೆ ದಾಟಿಸುವ ನಮಗೆ ಇದಕ್ಕಿಂತ ಹತ್ತಿರದ ಅಧ್ಯಯನ ಇನ್ನೊಂದಿಲ್ಲ.

ಅದೇ 1957ರಲ್ಲಿ ಚಾರ್ಲ್ಸ್ ಫ್ರಿಟ್ಜ್ ಮತ್ತು ಮ್ಯಾಥ್ಯೂಸನ್ ಎಂಬಿಬ್ಬರು ಇನ್ನೊಂದು ವಿದ್ಯಮಾನವನ್ನು ವಿವರಿಸಿದರು. ದುರಂತದ ಜಾಗದಿಂದ ಓಡಿಹೋಗುವವರಿಗಿಂತ ಅತ್ತ ಧಾವಿಸುವ ಜನ, ಮಾಹಿತಿ, ಸಾಮಾನುಗಳ ಒತ್ತಡವೇ ಹೆಚ್ಚು. ಕೇಳದೆ ಬಂದ ವಸ್ತುಗಳನ್ನು ವಿಂಗಡಿಸುವುದರಲ್ಲೇ ಕೈಗಳು ಸವೆಯುತ್ತವೆ. 1963ರಲ್ಲಿ ಒಹಾಯೋದಲ್ಲಿ ಶುರುವಾದ ದುರಂತ ಸಂಶೋಧನಾ ಕೇಂದ್ರದ ಕ್ವಾರಂಟೆಲ್ಲಿ ಮತ್ತು ಡೈನ್ಸ್, ಗಾಬರಿಬಿದ್ದು ಓಡುವ, ಲೂಟಿ ಮಾಡುವ ಸಂತ್ರಸ್ತರ ಚಿತ್ರ ಬಹುಮಟ್ಟಿಗೆ ಕಲ್ಪಿತ ಎಂದು ತೋರಿಸಿದರು. ಮಣ್ಣಿನಡಿ ಸಿಕ್ಕಿಬಿದ್ದವರನ್ನು ಮೊದಲು ಎತ್ತುವವರು ನೆರೆಹೊರೆಯವರೇ. ಸಿನಿಮಾ ಮತ್ತು ಟೀವಿ ಈ ಸತ್ಯವನ್ನು ಇನ್ನೂ ಒಪ್ಪಿಕೊಂಡಿಲ್ಲ.

ರೂಸೋನ ತಕರಾರು ಮತ್ತೆ ಮೇಲೆದ್ದದ್ದು 1970ರ ದಶಕದಲ್ಲಿ. 1970ರ ನವೆಂಬರ್‌ನಲ್ಲಿ ಇಂದಿನ ಬಾಂಗ್ಲಾದೇಶಕ್ಕೆ ಅಪ್ಪಳಿಸಿದ ಭೋಲಾ ಚಂಡಮಾರುತ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. 1976ರಲ್ಲಿ ಓಕೀಫ್, ವೆಸ್ಟ್‌ಗೇಟ್, ವಿಸ್ನರ್ ಎಂಬ ಮೂವರು 'ನೇಚರ್' ಪತ್ರಿಕೆಯಲ್ಲಿ, ವಿಕೋಪಗಳನ್ನು 'ನೈಸರ್ಗಿಕ' ಎನ್ನುವುದನ್ನೇ ಪ್ರಶ್ನಿಸಿದರು. ಗಾಳಿ, ಮಳೆ, ಕಂಪನ ನಿಸರ್ಗದವು. ಯಾರು ಸಾಯುತ್ತಾರೆ ಎಂಬುದನ್ನು ನಿರ್ಧರಿಸುವುದು ಬಡತನ, ಜಾಗ, ಅಧಿಕಾರ. 1981ರಲ್ಲಿ ಅಮರ್ತ್ಯ ಸೇನ್, 1943ರ ಬಂಗಾಳದ ಕ್ಷಾಮದ ಲೆಕ್ಕ ತೆಗೆದು, ಜನ ಸತ್ತದ್ದು ಅಕ್ಕಿ ಇರಲಿಲ್ಲವೆಂದಲ್ಲ, ಕೊಳ್ಳುವ ಶಕ್ತಿ ಕೈತಪ್ಪಿದ್ದರಿಂದ ಎಂದು ವಾದಿಸಿದರು. ಬಾಂಗ್ಲಾದೇಶ ಈ ತಿಳಿವಳಿಕೆಯನ್ನು ಬದುಕಿ ತೋರಿಸಿತು. ಊರೂರಿನ ಸ್ವಯಂಸೇವಕರು ಮೆಗಾಫೋನ್ ಹಿಡಿದು ಮನೆಮನೆಗೆ ಎಚ್ಚರಿಕೆ ಮುಟ್ಟಿಸುವ ವ್ಯವಸ್ಥೆ ಅಲ್ಲಿ ಬೆಳೆಯಿತು. 1991ರ ಚಂಡಮಾರುತದಲ್ಲಿ ಸುಮಾರು 1.4 ಲಕ್ಷ ಜನ ಸತ್ತರು, ಅವರಲ್ಲಿ ಹೆಂಗಸರೇ ಹೆಚ್ಚು. ಗಂಡಸರ ನಡುವೆ ಆಶ್ರಯ ಕಟ್ಟಡದಲ್ಲಿ ಉಳಿಯಲು ಸಂಕೋಚ, ಮನೆ ಮಕ್ಕಳು ದನಕರು ಬಿಟ್ಟು ಹೊರಡಲಾಗದ ಕಟ್ಟು, ನೀರಿನಲ್ಲಿ ಕಾಲಿಗೆ ಸುತ್ತಿಕೊಳ್ಳುವ ಸೀರೆ. ಇವನ್ನು ಉಪಗ್ರಹ ಹೇಳಿಕೊಡಲಿಲ್ಲ, ಉಳಿದ ಹೆಂಗಸರು ಹೇಳಿದರು. ಸ್ವಯಂಸೇವಕರ ಪಡೆಗೆ ಹೆಣ್ಣುಮಕ್ಕಳು ಸೇರಿದರು, ಆಶ್ರಯಗಳಲ್ಲಿ ಬೇರೆ ಕೋಣೆಗಳು ಬಂದವು. 2007ರ ಸಿದ್ರ್ ಚಂಡಮಾರುತದಲ್ಲಿ ಸತ್ತವರ ಸಂಖ್ಯೆ ಮೂರೂವರೆ ಸಾವಿರದ ಆಸುಪಾಸಿಗೆ ಇಳಿದಿತ್ತು.

ಹೊರಗಿನಿಂದ ಬರುವ ನೆರವು ಮಾತ್ರ ಇನ್ನೂ ಹಳೆಯ ಜಾಡಿನಲ್ಲೇ ಇತ್ತು. 1988ರ ಡಿಸೆಂಬರ್‌ನಲ್ಲಿ ಆರ್ಮೇನಿಯಾದಲ್ಲಿ ಭೂಕಂಪವಾದಾಗ ಜಗತ್ತು ಕನಿಷ್ಠ 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಕಳಿಸಿತು. ಅದನ್ನು ವಿಂಗಡಿಸಲು 50 ಜನ ಆರು ತಿಂಗಳು ದುಡಿದರು. ಕೂಡಲೇ ಬಳಸಬಹುದಾಗಿದ್ದು ಶೇ 30ರಷ್ಟು. ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆ ಮಾರ್ಗಸೂಚಿ ಹೊರಡಿಸಿದ್ದು 1996ರಲ್ಲಿ.

ನಮ್ಮ ಗಡಿಗೆ ಹೊಂದಿಕೊಂಡ ಲಾತೂರ್ ಸೀಮೆಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವಾಗಿ ಕಿಲ್ಲಾರಿ ಸುತ್ತಲಿನ ಹಳ್ಳಿಗಳು ಕುಸಿದವು, ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಕೊಂದದ್ದು ದಪ್ಪ ಕಲ್ಲುಗೋಡೆ ಮತ್ತು ಮಣ್ಣಿನ ಮಾಳಿಗೆಯ ಭಾರ. 52 ಹಳ್ಳಿಗಳನ್ನು ಬೇರೆಡೆ ಹೊಸದಾಗಿ ಕಟ್ಟಲಾಯಿತು: ನೇರ ಬೀದಿಗಳು, ಸಾಲು ಮನೆಗಳು, ಪಟ್ಟಣದ ನಕ್ಷೆ. ಅಂಗಳ, ಕೊಟ್ಟಿಗೆ, ಅಣ್ಣತಮ್ಮಂದಿರು ಅಕ್ಕಪಕ್ಕ ಇರುವ ಕೇರಿ ಆ ನಕ್ಷೆಯಲ್ಲಿ ಇರಲಿಲ್ಲ. 2009ರ ಅಕ್ಟೋಬರ್‌ನ ನೆರೆಯ ನಂತರ ನಮ್ಮ ಉತ್ತರ ಕರ್ನಾಟಕದಲ್ಲಿ 'ಆಸರೆ' ಯೋಜನೆಯಡಿ ಕಟ್ಟಿದ ಎಷ್ಟೋ ಮನೆಗಳು ಖಾಲಿ ಉಳಿದುದಕ್ಕೂ ಕಾರಣಗಳು ಇಂಥವೇ. ಹೊಲ ದೂರ, ಎತ್ತು ಕಟ್ಟಲು ಜಾಗವಿಲ್ಲ. ಆ ಮನೆಗಳಿಗೆ ಹೋಗಿ ಇರದ ರೈತನನ್ನು ಹಟಮಾರಿ ಎನ್ನುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಕ್ಷೆ ಹಾಕುವ ಮೊದಲು ಅವನನ್ನು ಒಂದು ಮಾತು ಕೇಳಬೇಕಿತ್ತು.

1994ರಲ್ಲಿ ರೆಡ್ ಕ್ರಾಸ್ ಮತ್ತಿತರ ಸಂಸ್ಥೆಗಳು ನಡವಳಿಕೆಯ ಸಂಹಿತೆಯೊಂದನ್ನು ಒಪ್ಪಿಕೊಂಡವು. ಸ್ಥಳೀಯ ಸಂಸ್ಕೃತಿಗೆ ಗೌರವ, ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ತೋರಿಸುವ ಹೊಣೆ ಅದರಲ್ಲಿದ್ದವು. 1997ರಲ್ಲಿ 'ಸ್ಫಿಯರ್' ಎಂಬ ಕನಿಷ್ಠ ಮಾನದಂಡಗಳ ಕೆಲಸ ಶುರುವಾಯಿತು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ಆ ಕಾಗದಕ್ಕೆ ದೊಡ್ಡ ಪರೀಕ್ಷೆ 2004ರ ಡಿಸೆಂಬರ್ 26ರ ಸುನಾಮಿ. ಸುಮಾರು 2.3 ಲಕ್ಷ ಜನ ಸತ್ತರು. ಜಗತ್ತು 1,350 ಕೋಟಿ ಡಾಲರ್ ನೀಡಿತು ಅಥವಾ ನೀಡುವುದಾಗಿ ಹೇಳಿತು. ನಾಗಪಟ್ಟಿಣಂನ ರಸ್ತೆಬದಿಗಳಲ್ಲಿ ಹಳೆಯ ಬಟ್ಟೆಯ ರಾಶಿಗಳು ಬಿದ್ದವು. ಕಡಲಿನಲ್ಲಿ ದುಡಿದು ಸ್ವಾಭಿಮಾನದಿಂದ ಬಾಳುತ್ತಿದ್ದ ಮೀನುಗಾರ ಕುಟುಂಬಗಳು ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ಮುಟ್ಟಲಿಲ್ಲ. ದೋಣಿ ಇದ್ದವರ ಹೆಸರು ಪಟ್ಟಿಗೆ ಬೇಗ ಸೇರಿತು. ಕೂಲಿ ಮಾಡುತ್ತಿದ್ದ ದಲಿತರು, ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಿದ್ದ ಹೆಂಗಸರು ಹಿಂದೆ ಬಿದ್ದರು. ಹಲವು ಸಂಸ್ಥೆಗಳು ಒಟ್ಟಾಗಿ ನಡೆಸಿದ ಮೌಲ್ಯಮಾಪನ 2006ರಲ್ಲಿ ಹೊರಬಂತು. ಸುನಾಮಿಯ ಸಂತ್ರಸ್ತರಿಗೆ ತಲಾ 7,100 ಡಾಲರ್ ಸಿಕ್ಕಿದ್ದರೆ, 2004ರಲ್ಲೇ ನೆರೆಗೆ ಸಿಕ್ಕ ಬಾಂಗ್ಲಾದೇಶದ 3.6 ಕೋಟಿ ಜನಕ್ಕೆ ತಲಾ 3 ಡಾಲರ್ ಮಾತ್ರ ಸಿಕ್ಕಿತ್ತು ಎಂಬ ಲೆಕ್ಕ ಅದರಲ್ಲಿದೆ. ಜೀವ ಉಳಿಸುವ ಕೆಲಸವನ್ನು ಬಹುಪಾಲು ಸ್ಥಳೀಯರೇ ಮಾಡಿದ್ದರು ಎಂದೂ ಅದು ಹೇಳಿತು.

ಸ್ಥಳೀಯರಿಗೆ ಏನು ಗೊತ್ತಿರುತ್ತದೆ ಎಂಬುದಕ್ಕೆ ಸಿಮೆಲು ದ್ವೀಪದ ಕಥೆ ಸಾಕು. ಸುಮಾತ್ರಾದ ಪಶ್ಚಿಮಕ್ಕಿರುವ ಆ ದ್ವೀಪ 2004ರ ಸುನಾಮಿಗೆ ಕಾರಣವಾದ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ. ಅದರ ಉತ್ತರ ತೀರಕ್ಕೆ ಅಲೆ ಬರಲು ಹತ್ತು ನಿಮಿಷವೂ ಇರಲಿಲ್ಲ. ಅಲ್ಲಿನ ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು ಮಂದಿ. 1907ರಲ್ಲಿ ಇಂಥದೇ ಅಲೆ ಬಂದು ಅನೇಕರನ್ನು ಕೊಂಡೊಯ್ದಿತ್ತು. ಅದಕ್ಕೆ ಅವರು 'ಸ್ಮೊಂಗ್' ಎಂದು ಹೆಸರಿಟ್ಟು ಜೋಗುಳಗಳಲ್ಲಿ, ಅಜ್ಜಿಕಥೆಗಳಲ್ಲಿ ಸುಮಾರು ನೂರು ವರ್ಷ ಉಳಿಸಿಕೊಂಡು ಬಂದಿದ್ದರು. ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡಬೇಕು. ಯಾರೋ 'ಸ್ಮೊಂಗ್' ಎಂದು ಕೂಗಿದರು, ಮುದುಕರು ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತಿದರು. ಆಗ ಹಿಂದೂ ಮಹಾಸಾಗರಕ್ಕೆ ಸುನಾಮಿ ಮುನ್ನೆಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ.

ಮನಸ್ಸಿನ ಗಾಯದ ವಿಷಯದಲ್ಲೂ ಕಲಿಕೆ ಇದೇ ದಾರಿಯಲ್ಲಿ ಸಾಗಿತು. ಘಟನೆಯಾದ ಕೂಡಲೇ ಸಂತ್ರಸ್ತರನ್ನು ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ 1980ರ ದಶಕದಿಂದ ಜನಪ್ರಿಯವಾಗಿತ್ತು. ಅದರಿಂದ ಲಾಭವಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಅಧ್ಯಯನಗಳ ವಿಮರ್ಶೆಗಳು ಹೇಳಿದವು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಭೋಪಾಲದ ಅನಿಲ ದುರಂತದ ನಂತರ ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ಕೊಟ್ಟವರಲ್ಲಿ ಡಾ. ಆರ್. ಶ್ರೀನಿವಾಸಮೂರ್ತಿ ಪ್ರಮುಖರು. 1999ರ ಒಡಿಶಾದ ಸೂಪರ್ ಸೈಕ್ಲೋನ್, 2001ರ ಗುಜರಾತ್ ಭೂಕಂಪ, ಸುನಾಮಿ, ಎಲ್ಲ ಕಡೆಯೂ ನಿಮ್ಹಾನ್ಸ್ ತಂಡಗಳು ಊರಿನ ಕಾರ್ಯಕರ್ತರನ್ನೇ ತಯಾರು ಮಾಡಿದವು, ಅವರಿಗೆ ಅರ್ಥವಾಗುವ ಕೈಪಿಡಿಗಳನ್ನು ಬರೆದವು. ಜೊತೆಗೆ ಕೂರುವುದು, ಹೇಳಿದರೆ ಕೇಳಿಸಿಕೊಳ್ಳುವುದು, ಒತ್ತಾಯ ಮಾಡದಿರುವುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಾಗ ಅದರ ತಿರುಳೂ ಇದೇ ಆಗಿತ್ತು.

ದೂರದಲ್ಲಿ ಕೂತು ನೋಡುವವರ ಮನಸ್ಸನ್ನು ಕುರಿತ ಸಂಶೋಧನೆ ಇತ್ತೀಚಿನದು. 2007ರ ಒಂದು ಪ್ರಯೋಗದಲ್ಲಿ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಚಿತ್ರ ನೋಡಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಹಸಿದವರ ಅಂಕಿಅಂಶ ಓದಿದವರು 1.14 ಡಾಲರ್. ಚಿತ್ರದ ಜೊತೆ ಅಂಕಿಅಂಶವನ್ನೂ ಇಟ್ಟಾಗ ದಾನ 1.43 ಡಾಲರ್‌ಗೆ ಇಳಿಯಿತು. ಅದೇ ವರ್ಷ ಐಸೆನ್ಸೀ ಮತ್ತು ಸ್ಟ್ರೋಮ್‌ಬರ್ಗ್, ಒಲಿಂಪಿಕ್ಸ್ ನಡೆಯುವಾಗ ಆದ ದುರಂತಗಳಿಗೆ ಅಮೆರಿಕದ ನೆರವು ಕಡಿಮೆ ಸಿಗುತ್ತದೆ ಎಂದು ತೋರಿಸಿದರು. ಜ್ವಾಲಾಮುಖಿಯಲ್ಲಿ ಒಬ್ಬರು ಸತ್ತರೆ ಸಿಗುವಷ್ಟು ಸುದ್ದಿ ಸಿಗಬೇಕಾದರೆ ಆಹಾರದ ಅಭಾವದಲ್ಲಿ ಸುಮಾರು 40 ಸಾವಿರ ಜನ ಸಾಯಬೇಕು ಎಂಬುದೂ ಅವರ ಲೆಕ್ಕ. ಆ ಸಾಲು ಓದಿದ ಮೇಲೆ ಸುದ್ದಿಯಾಗದ ಬರಗಾಲಗಳ ಕಡೆಗೆ ನನ್ನ ಗಮನ ತಾನಾಗಿ ಹೋಗುತ್ತದೆ. ಲೈಪ್‌ಜಿಗ್‌ನಲ್ಲಿ ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಇನ್ನೂ ಸೂಕ್ಷ್ಮವಾದದ್ದನ್ನು ಕಂಡರು: ಇತರರ ನೋವನ್ನು ತಾವೇ ಅನುಭವಿಸಲು ಅಭ್ಯಾಸ ಮಾಡಿದವರು ಕುಗ್ಗಿಹೋದರು, ಆಮೇಲೆ ಮೈತ್ರಿ, ಕರುಣೆಯ ಧ್ಯಾನ ಕಲಿತಾಗ ಅದೇ ದೃಶ್ಯಗಳ ಮುಂದೆ ಅವರ ಮನಸ್ಸು ಚೇತರಿಸಿಕೊಂಡಿತು. ದುರಂತದ ದೃಶ್ಯಗಳನ್ನು ಗಂಟೆಗಟ್ಟಲೆ ನೋಡುತ್ತ ಅಳುವುದರಿಂದ ಯಾರಿಗೂ ಒಳಿತಾಗದು. ಸುದ್ದಿಯನ್ನು ಅಳತೆಯಲ್ಲಿ ನೋಡಿ, ಅಲ್ಲಿನವರು ಏನು ಕೇಳುತ್ತಿದ್ದಾರೆ ಎಂದು ತಿಳಿದು, ಸಾಧ್ಯವಾದರೆ ಹಣವನ್ನೇ ಕೊಡುವುದು ಮೇಲು.

ಭಾಷೆ ಗೊತ್ತಿದ್ದವರು ದೂರದಿಂದಲೂ ಎಷ್ಟು ಮಾಡಬಹುದು ಎಂಬುದನ್ನು 2010ರ ಜನವರಿಯಲ್ಲಿ ಭೂಕಂಪಕ್ಕೀಡಾದ ಹೈಟಿ ತೋರಿಸಿತು. ನೆರವು ಕೋರಿ ಮೊಬೈಲಿನಿಂದ 4636 ಸಂಖ್ಯೆಗೆ ಕ್ರಿಯೋಲ್ ಭಾಷೆಯಲ್ಲಿ ಬಂದ ಸಂದೇಶಗಳನ್ನು ಹೊರದೇಶಗಳಲ್ಲಿದ್ದ ಹೈಟಿಯವರು ಅನುವಾದಿಸಿದರು. ಇಂಥ ಅಂಗಡಿ ಹಿಂದೆ, ಇಂಥ ಚರ್ಚಿನ ಪಕ್ಕ ಎಂದು ಬರೆದದ್ದು ಎಲ್ಲಿ ಎಂದು ಹೇಳಬಲ್ಲವರು ಅವರೇ. ಇತ್ತ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ನೆರವಿನ ಸಮನ್ವಯ ಸಭೆಗಳು ಬಹುತೇಕ ಇಂಗ್ಲಿಷಿನಲ್ಲಿ, ಸ್ಥಳೀಯರಿಗೆ ಒಳಗೆ ಬಿಡಿಸಿಕೊಳ್ಳುವುದೇ ಕಷ್ಟವಾಗಿದ್ದ ವಿಶ್ವಸಂಸ್ಥೆಯ ಆವರಣದಲ್ಲಿ ನಡೆದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಾಂತಿಪಾಲನಾ ಪಡೆಯ ಶಿಬಿರದಿಂದ ನದಿಗೆ ಸೇರಿದ ಕಾಲರಾ ಸಾವಿರಾರು ಜನರನ್ನು ಕೊಂದಿತು. ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ. 2015ರಲ್ಲಿ ನೇಪಾಳದ ಭೂಕಂಪಕ್ಕೆ ಭಾರತ ತಕ್ಷಣ ನೆರವಾಯಿತು. ಆದರೆ ಅಳುತ್ತಿದ್ದವರ ಮುಖಕ್ಕೆ ಮೈಕ್ ಹಿಡಿದ ನಮ್ಮ ಟೀವಿಯವರ ವರ್ತನೆಗೆ ರೋಸಿಹೋಗಿ, ಭಾರತದ ಮಾಧ್ಯಮದವರೇ ಮನೆಗೆ ಹೋಗಿ ಎಂದು ನೇಪಾಳಿಗಳು ಟ್ವಿಟರಿನಲ್ಲಿ ಬರೆದರು. ಅದು ನಮಗೆ ತಟ್ಟಬೇಕಾದ ಮಾತು.

2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ದೊಡ್ಡ ದಾನಿಗಳು ಮತ್ತು ಸಂಸ್ಥೆಗಳು, 2020ರ ಹೊತ್ತಿಗೆ ಹಣದ ಕಾಲುಭಾಗವನ್ನು ಸಾಧ್ಯವಾದಷ್ಟೂ ನೇರವಾಗಿ ಸ್ಥಳೀಯರಿಗೆ ಮುಟ್ಟಿಸುವ ಗುರಿ ಹಾಕಿಕೊಂಡವು. ಗುರಿ ಮುಟ್ಟಲಿಲ್ಲ. 2023ರ ಫೆಬ್ರವರಿ 6ರಂದು ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪವಾದಾಗ, ವಾಯವ್ಯ ಸಿರಿಯಾದಲ್ಲಿ ಅವಶೇಷ ಅಗೆದವರು 'ವೈಟ್ ಹೆಲ್ಮೆಟ್ಸ್' ಎಂಬ ಸ್ಥಳೀಯ ಸ್ವಯಂಸೇವಕರು ಮತ್ತು ಅಲ್ಲಿನ ಜನ. ಭಾರೀ ಯಂತ್ರಗಳು ಸಾಲದೆ, ಕೂಗು ಕೇಳಿಸುತ್ತಿದ್ದರೂ ತಲುಪಲಾಗದೆ ಅವರು ಒದ್ದಾಡಿದರು. ವಿಶ್ವಸಂಸ್ಥೆಯ ಮೊದಲ ಲಾರಿಗಳು ಗಡಿ ದಾಟಿದ್ದು 9ನೇ ತಾರೀಕು. ಅವುಗಳಲ್ಲಿದ್ದದ್ದು ಭೂಕಂಪಕ್ಕೆ ಮುಂಚೆಯೇ ಕಳಿಸಲು ಗೊತ್ತುಮಾಡಿದ್ದ ಸಾಮಾನು.